ಛಾಪು ನೋಡಿ ಬೆಳ್ಳಿ ಕೊಳ್ಳಬೇಡಿ



ವರಮಹಾಲಕ್ಷ್ಮಿ ಹಬ್ಬಕ್ಕೆ ಬೆಳ್ಳಿ ಕಲಶ, ನಾಮಕರಣಕ್ಕೆ ಬೆಳ್ಳಿ ಬಟ್ಟಲು, ಮದುವೆಗೆ ಬೆಳ್ಳಿ ದೀಪ, ಷಷ್ಟಿಪೂರ್ತಿಗೆ ಬೆಳ್ಳಿ ತಟ್ಟೆ. ನಮ್ಮ ಮನೆಗಳಲ್ಲಿ ಬೆಳ್ಳಿ ಇಲ್ಲದೆ ಶುಭಕಾರ್ಯ ಸಾಗುವುದಿಲ್ಲ. ಚಿನ್ನ ಕೊಳ್ಳಲು ಹೋದರೆ ಹಾಲ್‌ಮಾರ್ಕ್ ಎಲ್ಲಿದೆ ಎಂದು ಕನ್ನಡಕ ಏರಿಸಿಕೊಂಡು ಹುಡುಕುತ್ತೇವೆ, ವೇಸ್ಟೇಜು ಎಷ್ಟು ಎಂದು ಜಗಳ ಆಡುತ್ತೇವೆ. ಬೆಳ್ಳಿಯ ಸರದಿ ಬಂದಾಗ ಮಾತ್ರ ತಕ್ಕಡಿಯ ಮುಳ್ಳು ನೋಡಿ, ಚೀಲ ಹಿಡಿದು ಎದ್ದು ಬರುತ್ತೇವೆ. ಬೆಲೆ ಕೈಗೆಟಕುವಂತಿದ್ದ ಕಾಲಕ್ಕೆ ಅದು ನಡೆಯಿತು. 2025ರ ದೀಪಾವಳಿಯ ಹೊತ್ತಿಗೆ ಕಿಲೋ ಬೆಳ್ಳಿ ಒಂದೂವರೆ ಲಕ್ಷ ರೂಪಾಯಿ ದಾಟಿತ್ತು. ಚಿನಿವಾರ ಪೇಟೆಯಲ್ಲಿ ಬೆಲೆ ಏರಿದ ಕೂಡಲೇ ಖೊಟ್ಟಿ ಮಾಲಿಗೂ ಸುಗ್ಗಿ.

ನಾನು ಜವಳಿ ವ್ಯಾಪಾರದ ನಂಟಿನಿಂದ ಸೂರತ್ತಿನಲ್ಲಿ ನೆಲೆ ನಿಂತವನು. ಸೂರತ್ ಎಂದರೆ ಈಗ ನಮ್ಮವರಿಗೆ ನೆನಪಾಗುವುದು ಸೀರೆ ಮತ್ತು ವಜ್ರ. ಆದರೆ ಹದಿನೇಳನೆಯ ಶತಮಾನದಲ್ಲಿ ಈ ಊರು ಬೆಳ್ಳಿಯ ಹೆಬ್ಬಾಗಿಲಾಗಿತ್ತು. ತಾಪಿ ನದಿಯ ಬಾಯಿಗೆ ಬಂದ ಹಡಗುಗಳು ಇಲ್ಲಿಂದ ಬಟ್ಟೆ, ನೀಲಿ, ಮೆಣಸು ತುಂಬಿಕೊಂಡು ಹೋಗುತ್ತಿದ್ದವು. ಬದಲಿಗೆ ಕೊಡಲು ಯುರೋಪಿನವರ ಹತ್ತಿರ ನಮಗೆ ಬೇಕಾದ ಸರಕು ಹೆಚ್ಚೇನೂ ಇರಲಿಲ್ಲ. ಅವರು ಬೆಳ್ಳಿ ತಂದು ಸುರಿದರು. ದಕ್ಷಿಣ ಅಮೆರಿಕದ ಪೊಟೊಸಿ ಬೆಟ್ಟದಲ್ಲಿ ಅಗೆದ ಬೆಳ್ಳಿ ಸ್ಪೇನಿನ ರಿಯಾಲ್ ಆಗಿ, ಸಮುದ್ರಗಳನ್ನು ದಾಟಿ, ಸೂರತ್ತಿನ ಟಂಕಸಾಲೆಯಲ್ಲಿ ಕರಗಿ, ಮೊಗಲರ ರೂಪಾಯಿ ಆಗುತ್ತಿತ್ತು.

ಈಗ ನಾಣ್ಯ ಬದಲಿಸಿಕೊಡುವ ಒಬ್ಬ ಸರಾಫನ ಜಾಗದಲ್ಲಿ ಕುಳಿತು ಯೋಚಿಸಿ. ಬೆಳಿಗ್ಗೆ ಒಬ್ಬ ಡಚ್ಚರವನು ಸಿಂಹದ ಗುರುತಿನ ನಾಣ್ಯ ತರುತ್ತಾನೆ, ಅದರಲ್ಲಿ ಬೆಳ್ಳಿ ನೂರಕ್ಕೆ ಎಪ್ಪತ್ತೈದರಷ್ಟು. ಇನ್ನೊಬ್ಬ ಸ್ಪೇನಿನ ರಿಯಾಲ್ ತರುತ್ತಾನೆ, ಅದು ತೊಂಬತ್ತಮೂರರ ಆಸುಪಾಸು. ಮೂರನೆಯವನ ಕೈಯಲ್ಲಿ ಇರಾನಿನ ಅಬ್ಬಾಸಿ. ನಾಲ್ಕನೆಯವನದು ಮೊಗಲರ ರೂಪಾಯಿಯೇ, ಆದರೆ ಹಿಂದಿನ ವರ್ಷಗಳದ್ದು. ಆ ವರ್ಷ ಅಚ್ಚಾದದ್ದು ಸಿಕ್ಕಾ, ಹಳೆಯದಾದರೆ ಚಲನಿ. ಚಲನಿಗೆ ವಟ್ಟ ಕಳೆದು ಲೆಕ್ಕ. ಇಷ್ಟೆಲ್ಲವನ್ನೂ ಸರಾಫ ಬೆರಳ ತುದಿಯಲ್ಲಿ, ಕಿವಿಯಲ್ಲಿ, ತಕ್ಕಡಿಯಲ್ಲಿ ತೀರ್ಮಾನ ಮಾಡಬೇಕಿತ್ತು. ಆ ಕಾಲದ ಫ್ರೆಂಚ್ ವ್ಯಾಪಾರಿ ತಾವರ್ನಿಯೆ, ಜಗತ್ತಿನ ಎಷ್ಟೋ ಪೇಟೆ ನೋಡಿದವನು, ಹಿಂದೂಸ್ತಾನದ ಸರಾಫರ ಮುಂದೆ ಬೇರೆ ಕಡೆಯ ನಾಣ್ಯ ವ್ಯಾಪಾರಿಗಳು ಶಿಷ್ಯವೃತ್ತಿಗೂ ಸಾಲರು ಎಂಬರ್ಥದಲ್ಲಿ ಬರೆದಿದ್ದಾನೆ. ನಾಣ್ಯ ಪರೀಕ್ಷಿಸುವ ನಾನಾವಟಿಗಳ ಹೆಸರು ಹೊತ್ತ ನಾನಾವಟ್ ಎಂಬ ಪೇಟೆ ಹಳೆಯ ಸೂರತ್ತಿನಲ್ಲಿ ಇವತ್ತಿಗೂ ಇದೆ.

ಹಳೆಯ ಮೊಗಲ್ ರೂಪಾಯಿಗಳನ್ನು ನೋಡಿದವರಿಗೆ ಗೊತ್ತು, ಎಷ್ಟೋ ನಾಣ್ಯಗಳ ಮೇಲೆ ಸಣ್ಣ ಸಣ್ಣ ತೂತಿನಂಥ ಗುರುತುಗಳು ಇರುತ್ತವೆ. ಅವು ಸರಾಫರ ಉಳಿಯ ಏಟುಗಳು. ಮೇಲ್ಪದರ ಸೀಳಿ ಒಳಗೇನಿದೆ ಎಂದು ನೋಡಿ, ಸರಿಯಿದ್ದರೆ ತಮ್ಮ ಗುರುತು ಒತ್ತಿ ಬಿಡುತ್ತಿದ್ದರು. ಸಂಗ್ರಾಹಕರು ಇಂಥ ನಾಣ್ಯವನ್ನು ಗಾಯಗೊಂಡದ್ದು ಎಂದು ಬದಿಗಿಡುತ್ತಾರೆ. ನನಗಂತೂ ಅದೇ ಹೆಚ್ಚು ಇಷ್ಟ. ಬಾದಶಹನ ಹೆಸರು ಇದ್ದರೂ ಸರಾಫ ನಂಬಲಿಲ್ಲ ಎನ್ನುವುದಕ್ಕೆ ಅದು ಸಾಕ್ಷಿ.

ಅವನು ನಂಬದೆ ಇದ್ದದ್ದು ಸರಿ. ಪೊಟೊಸಿಯ ಟಂಕಸಾಲೆಯಲ್ಲೇ ಅಧಿಕಾರಿಗಳು, ಬೆಳ್ಳಿ ವ್ಯಾಪಾರಿಗಳು ಸೇರಿಕೊಂಡು ಸ್ಪೇನ್ ರಾಜನ ಮುದ್ರೆಯ ನಾಣ್ಯಕ್ಕೆ ತಾಮ್ರ ಬೆರೆಸಿದ್ದು 1649ರಲ್ಲಿ ಬಯಲಾಯಿತು. ಪ್ರಮುಖನೊಬ್ಬನನ್ನು ಮರುವರ್ಷ ಕೊಂದರು. ಅಷ್ಟು ದೂರ ಹೋಗುವುದೇಕೆ, ಸೂರತ್ತಿನಲ್ಲೇ ನಡೆದದ್ದು ಕೇಳಿ. 1759ರಲ್ಲಿ ಇಂಗ್ಲಿಷ್ ಕಂಪನಿ ಸೂರತ್ತಿನ ಕೋಟೆ ಹಿಡಿಯಿತು, ನವಾಬ ಹೆಸರಿಗೆ ಉಳಿದ. ನವಾಬನ ರೂಪಾಯಿ, ಬೊಂಬಾಯಿಯಲ್ಲಿ ಕಂಪನಿ ಹೊಡೆದ ರೂಪಾಯಿ ಎರಡೂ ಸಮಸಮವಾಗಿ ನಡೆಯಬೇಕು, ಇಬ್ಬರೂ ಬೆಳ್ಳಿಯ ಶುದ್ಧತೆ ಕಾಯಬೇಕು ಎಂದು ಕರಾರಾಯಿತು. ಸೂರತ್ ರೂಪಾಯಿಯಲ್ಲಿ ಆಗ ಬೆರಕೆ ನೂರಕ್ಕೆ ಒಂದೂಕಾಲು ಪಾಲು ಮಾತ್ರ. ಸ್ವಲ್ಪ ದಿನಕ್ಕೆ ನವಾಬನ ರೂಪಾಯಿಯಲ್ಲಿ ಹತ್ತು, ಹನ್ನೆರಡು, ಹದಿನೈದು ಪಾಲಿನವರೆಗೆ ಬೆರಕೆ ಸಿಕ್ಕಿತು. ಆದದ್ದೇನು? ಒಳ್ಳೆಯ ಬೆಳ್ಳಿಯ ಬೊಂಬಾಯಿ ರೂಪಾಯಿ ಪೇಟೆಯಿಂದ ಮಾಯವಾಯಿತು; ಕಡಿಮೆ ಬೆಳ್ಳಿಯದು ಉಳಿಯಿತು. ಬೊಂಬಾಯಿ ಟಂಕಸಾಲೆ ಇಪ್ಪತ್ತು ವರ್ಷ ಬೆಳ್ಳಿ ನಾಣ್ಯ ಹೊಡೆಯುವುದನ್ನೇ ನಿಲ್ಲಿಸಬೇಕಾಯಿತು. ಕೊನೆಗೆ 1800ರಲ್ಲಿ ಕಂಪನಿ ಸೋತು, ಆ ಬೆರಕೆಯ ಸೂರತ್ ರೂಪಾಯಿಯನ್ನೇ ಮಾದರಿ ಮಾಡಿಕೊಂಡು ಬೊಂಬಾಯಿಯಲ್ಲಿ ಹೊಡೆಯತೊಡಗಿತು. ಬೊಂಬಾಯಿಯಲ್ಲಿ ಹುಟ್ಟಿದ ನಾಣ್ಯ, ಅಚ್ಚಿನಲ್ಲಿ ಸೂರತ್ತಿನ ಹೆಸರು, ಮೇಲೆ ದಿಲ್ಲಿಯ ಷಾ ಆಲಂ ಬಾದಶಹನ ಹೆಸರು. ಛಾಪು ಏನು ಹೇಳುತ್ತದೋ ಅದರಲ್ಲಿ ಒಂದೂ ನಿಜವಲ್ಲ!

ಈ ಸೂರತ್ ರೂಪಾಯಿಯ ಕತೆಯನ್ನು ಲೆಕ್ಕ ಸಮೇತ ಬರೆದಿಟ್ಟವನು ಜೇಮ್ಸ್ ಪ್ರಿನ್ಸೆಪ್. ಹೌದು, 1837ರಲ್ಲಿ ಅಶೋಕನ ಬ್ರಾಹ್ಮಿ ಲಿಪಿಯನ್ನು ಓದಿದವನೇ. ಅವನ ಸಂಬಳದ ಕೆಲಸ ಟಂಕಸಾಲೆಯಲ್ಲಿ ಬೆಳ್ಳಿ, ಚಿನ್ನದ ಶುದ್ಧತೆ ಪರೀಕ್ಷಿಸುವುದು. ಕಾಶಿಯಲ್ಲೂ ಕಲ್ಕತ್ತೆಯಲ್ಲೂ. ನಮ್ಮ ಮಸ್ಕಿ, ಬ್ರಹ್ಮಗಿರಿಯ ಬಂಡೆಗಳ ಅಕ್ಷರ ಬಿಡಿಸಲು ಸಾಧ್ಯವಾದದ್ದು ಒಬ್ಬ ಬೆಳ್ಳಿ ಪರೀಕ್ಷಕನಿಂದ ಎನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ.

1835ರಲ್ಲಿ ಕಂಪನಿ ಎಲ್ಲ ಬಗೆಯ ರೂಪಾಯಿಗಳ ಗೊಂದಲ ಮುಗಿಸಿ ಒಂದೇ ರೂಪಾಯಿ ತಂದಿತು. ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ; ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ನಮ್ಮ ಮೈಸೂರು ಸೀಮೆಯಲ್ಲಿ ಆಗ ಇಪ್ಪತ್ತನಾಲ್ಕು ರೂಪಾಯಿ ತೂಕವೆಂದರೆ ಒಂದು ಕಚ್ಚಾ ಸೇರು. ತಕ್ಕಡಿಗೆ ಬಟ್ಟು ಇಲ್ಲದ ಮನೆಯಲ್ಲಿ ರೂಪಾಯಿಯೇ ಬಟ್ಟು. ಅಜ್ಜಿಯ ಪೆಟ್ಟಿಗೆಯಲ್ಲಿ ಇರುವ ವಿಕ್ಟೋರಿಯಾ ರಾಣಿ, ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್ ಛಾಪಿನ ರೂಪಾಯಿಗಳು ಈ ಜಾತಿಯವು. ಆದರೆ ಗಮನ ಇರಲಿ: ಯುದ್ಧದ ಕಾಲದಲ್ಲಿ, 1940ರಿಂದ, ಆರನೆಯ ಜಾರ್ಜನ ರೂಪಾಯಿಯಲ್ಲಿ ಸರ್ಕಾರವೇ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಉಳಿದರ್ಧದಲ್ಲಿ ತಾಮ್ರ, ನಿಕ್ಕಲ್, ಸತು. ಕಳ್ಳನಾಣ್ಯದವರ ಕಾಟಕ್ಕೆ ಅಂಚಿನ ನಡುವೆ ಭದ್ರತೆಯ ಗೆರೆಯನ್ನೂ ಆಗಲೇ ತಂದರು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಬರೀ ನಿಕ್ಕಲ್. ಆದ್ದರಿಂದ 1942ರ ಅಸಲಿ ನಾಣ್ಯವನ್ನು ಯಾರಾದರೂ ಅಪ್ಪಟ ಬೆಳ್ಳಿಯ ದರಕ್ಕೆ ಮಾರಿದರೆ ನಾಣ್ಯ ಖೊಟ್ಟಿಯಲ್ಲ, ವ್ಯಾಪಾರ ಖೊಟ್ಟಿ.

ಇನ್ನು ಅಂಗಡಿಗೆ ಬರೋಣ. ಹಳೆಯ ಸೂರತ್ತಿನ ಒಂದು ಸಣ್ಣ ಅಂಗಡಿಯಲ್ಲಿ, ಬಿಳಿ ಹಾಸಿನ ಮೇಲೆ ಕುಳಿತ ವಯಸ್ಸಾದ ಸರಾಫರೊಬ್ಬರು ನನಗೆ ಪರಿಚಯ. ಎಲ್ಲರ ಹಾಗೆ ನಾನೂ ಅವರನ್ನು ಕಾಕಾ ಎನ್ನುತ್ತೇನೆ. ಒಂದು ಮಧ್ಯಾಹ್ನ ಒಬ್ಬ ಅಜ್ಜಿ ಕರವಸ್ತ್ರದಲ್ಲಿ ಗಂಟು ಕಟ್ಟಿದ ರಾಣಿ ಛಾಪಿನ ನಾಣ್ಯಗಳನ್ನು ತಂದು ಮುಂದಿಟ್ಟರು. ಕಾಕಾ ರಾಣಿಯ ಮುಖ ನೋಡಲೇ ಇಲ್ಲ. ನಾಣ್ಯಗಳನ್ನು ಹತ್ತರಂತೆ ಒಟ್ಟಿ ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿದರು. ಒಂದು ಒಟ್ಟು ಉಳಿದವಕ್ಕಿಂತ ಕೂದಲೆಳೆಯಷ್ಟು ಎತ್ತರ. ಬೆಳ್ಳಿಗಿಂತ ಹಗುರವಾದ ಲೋಹದಲ್ಲಿ ಅದೇ ತೂಕ ಬರಬೇಕಾದರೆ ನಾಣ್ಯ ದಪ್ಪವಾಗಲೇಬೇಕಲ್ಲ. ಆ ಒಟ್ಟನ್ನು ಬಿಡಿಸಿ, ಒಂದೊಂದರ ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಎಳೆದರು. ಅಚ್ಚು ಹೊಡೆದ ನಾಣ್ಯದ ಅಂಚಿನ ಗೀಟುಗಳು ಚೂಪಾಗಿ, ಒಂದೇ ಸಮ ಇರುತ್ತವೆ. ಎರಕ ಹೊಯ್ದದ್ದಾದರೆ ಗೀಟು ಮೊಂಡಾಗಿ, ಅಚ್ಚಿನ ಎರಡು ಹೋಳು ಕೂಡಿದ ಜಾಗದಲ್ಲಿ ಸುತ್ತಲೂ ಒಂದು ಸಣ್ಣ ಏಣು ಉಳಿದಿರುತ್ತದೆ. ಎರಡು ನಾಣ್ಯ ಪಕ್ಕಕ್ಕೆ ಹೋದವು.

“ಅಮ್ಮಾ, ಇವೆಲ್ಲ ನಿಮ್ಮ ಮದುವೆಯ ರಾಣಿಯರು,” ಎಂದರು ಕಾಕಾ ಅಜ್ಜಿಗೆ. “ಈ ಇಬ್ಬರು ಮಾತ್ರ ನಿಮ್ಮ ಮೊಮ್ಮಕ್ಕಳಿಗಿಂತ ಚಿಕ್ಕವರು.”

ಅಜ್ಜಿಗೆ ನೆನಪಾಯಿತು. ಧನತೇರಸ್ ದಿನ ಪೂಜೆಗೆಂದು ಮಗ ರಸ್ತೆಬದಿಯಲ್ಲಿ ಕೊಂಡು ತಂದು ಅದೇ ಗಂಟಿಗೆ ಸೇರಿಸಿದ್ದನಂತೆ. ಗುಜರಾತಿನಲ್ಲಿ ಧನತೇರಸ್‌ಗೆ ರಾಣಿ ಛಾಪು, ರಾಜಾ ಛಾಪು ಹುಡುಕಿ ಕೊಳ್ಳುವ ರೂಢಿ ಇದೆ. ಬೇಡಿಕೆ ಅಷ್ಟಿರುವಾಗ, ರಾಣಿ ತೀರಿಕೊಂಡು ನೂರಿಪ್ಪತ್ತು ವರ್ಷವಾದರೂ ಅವಳ ರೂಪಾಯಿ ಹುಟ್ಟುತ್ತಲೇ ಇದೆ.

ಆಮೇಲೆ ದನಿಯ ಪರೀಕ್ಷೆ. ಇದು ಬಾನುಲಿ ಆದ್ದರಿಂದ ನನಗೊಂದು ಅನುಕೂಲ, ನಿಮಗೂ ಕೇಳಿಸುತ್ತೇನೆ. ಒಂದು ನಾಣ್ಯವನ್ನು ಬೆರಳ ತುದಿಯ ಮೇಲೆ ಸಮತೂಕದಲ್ಲಿ ಇಟ್ಟು ಇನ್ನೊಂದರ ಅಂಚಿನಿಂದ ಮೆಲ್ಲಗೆ ತಟ್ಟುತ್ತೇನೆ. ಇದು 1907ರ ರೂಪಾಯಿ... ಠಣ್ ಎಂದು ಎದ್ದ ನಾದ ಎಳೆಯುತ್ತಾ ಹೋಯಿತಲ್ಲವೆ? ಈಗ ಖೊಟ್ಟಿಯದು... ಟಪ್. ಅಷ್ಟೇ, ಮುಗಿಯಿತು. ಸೀಸ, ತವರ ಬೆರೆತದ್ದು ಹಾಡುವುದಿಲ್ಲ. ಆದರೆ ಜರ್ಮನ್ ಸಿಲ್ವರ್ ತಕ್ಕಮಟ್ಟಿಗೆ ಹಾಡುತ್ತದೆ, ಅದು ಮೋಸ ಮಾಡೀತು. ಜರ್ಮನ್ ಸಿಲ್ವರ್ ಎಂಬುದರಲ್ಲಿ ಸಿಲ್ವರ್ ಎಳ್ಳಷ್ಟೂ ಇಲ್ಲ, ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಹಬ್ಬದ ಕಾಲದ ಅಗ್ಗದ ಲಕ್ಷ್ಮಿ-ಗಣೇಶ ನಾಣ್ಯಗಳಲ್ಲಿ ಎಷ್ಟೋ ಇದರವು.

ಅಯಸ್ಕಾಂತ ಹಿಡಿದು ನೋಡಿದರೆ ಸಾಕು ಎನ್ನುವವರಿದ್ದಾರೆ. ಅಂಟಿದರೆ ಖೊಟ್ಟಿ ಎನ್ನುವುದು ಸರಿ. ಅಂಟದಿದ್ದರೆ ಬೆಳ್ಳಿ ಎನ್ನುವುದು ತಪ್ಪು. ತಾಮ್ರಕ್ಕೂ ಸೀಸಕ್ಕೂ ಹಿತ್ತಾಳೆಗೂ ಅಂಟುವುದಿಲ್ಲ. ಮಂಜುಗಡ್ಡೆ ಇಟ್ಟರೆ ಬೆಳ್ಳಿಯ ಮೇಲೆ ಬೇಗ ಕರಗುತ್ತದೆ ಎನ್ನುವುದೂ ನಿಜ, ಶಾಖ ಹರಿಸುವುದರಲ್ಲಿ ಲೋಹಗಳಲ್ಲೆಲ್ಲ ಬೆಳ್ಳಿಯೇ ಮೊದಲು. ಆದರೆ ತಾಮ್ರ ಅದರ ಬೆನ್ನಿಗೇ ಇದೆ, ಕಣ್ಣಳತೆಗೆ ವ್ಯತ್ಯಾಸ ಸಿಗದು. ಕಪ್ಪಾಗಿದ್ದರೆ ಹಳೆಯದು ಎನ್ನುವ ನಂಬಿಕೆಯನ್ನಂತೂ ಬಿಟ್ಟುಬಿಡಿ. ಗಂಧಕದ ನೀರಿನಲ್ಲಿ ಅದ್ದಿ ಒಂದೇ ದಿನದಲ್ಲಿ ನೂರು ವರ್ಷದ ಕಪ್ಪು ತರುತ್ತಾರೆ.

ಮನೆಯಲ್ಲಿ ಮಾಡಬಹುದಾದ ನಂಬಿಕಸ್ಥ ಪರೀಕ್ಷೆ ನೀರಿನದು. ಗ್ರಾಮಿನ ಭಾಗವನ್ನೂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ನೂರು ಗ್ರಾಂ ಗಟ್ಟಿಗೆ ನಡೆಯುತ್ತದೆ. ಒಂದೇ ನಾಣ್ಯಕ್ಕೆ ಅಕ್ಕಸಾಲಿಗಳ ಹತ್ತಿರ ಇರುವಂಥ ಸೂಕ್ಷ್ಮ ತಕ್ಕಡಿ ಬೇಕು. ಮೊದಲು ಗಟ್ಟಿಯನ್ನು ತೂಗಿ ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ಲೋಟದಲ್ಲಿ ನೀರಿಟ್ಟು ಸೊನ್ನೆಗೆ ತನ್ನಿ. ಗಟ್ಟಿಗೆ ತೆಳ್ಳನೆಯ ದಾರ ಕಟ್ಟಿ, ನೀರಲ್ಲಿ ಪೂರ್ತಿ ಮುಳುಗುವಂತೆ, ತಳಕ್ಕೂ ಪಕ್ಕಕ್ಕೂ ತಾಗದಂತೆ ಇಳಿಬಿಡಿ. ಗಾಳಿಗುಳ್ಳೆ ಅಂಟಿದ್ದರೆ ಅಲುಗಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವ ಅಂಕಿ ಗಟ್ಟಿ ಸರಿಸಿದ ನೀರಿನ ತೂಕ. ಮೊದಲಿನ ತೂಕವನ್ನು ಇದರಿಂದ ಭಾಗಿಸಿ. ಅಪ್ಪಟ ಬೆಳ್ಳಿಗೆ 10.49 ಬರಬೇಕು. ಅಂದರೆ ನೂರು ಗ್ರಾಂ ಗಟ್ಟಿ ಒಂಬತ್ತೂವರೆ ಗ್ರಾಂ ನೀರು ಸರಿಸಬೇಕು. ಜರ್ಮನ್ ಸಿಲ್ವರ್ ಆದರೆ ಹನ್ನೊಂದೂವರೆ ಗ್ರಾಂ ಆಸುಪಾಸು, ಸೀಸವಾದರೆ ಒಂಬತ್ತಕ್ಕೂ ಕಡಿಮೆ. ಹಳೆಯ ರೂಪಾಯಿಯಲ್ಲಿ ತಾಮ್ರ ಸ್ವಲ್ಪ ಇರುವುದರಿಂದ 10.3ರ ಸುತ್ತ ಬಂದರೆ ನಿಶ್ಚಿಂತೆ. ಇದನ್ನು ಆರ್ಕಿಮಿಡೀಸನ ಕತೆಯಲ್ಲಿ ಶಾಲೆಯಲ್ಲೇ ಓದಿದ್ದೇವೆ, ಪರೀಕ್ಷೆ ಬರೆದು ಮರೆತಿದ್ದೇವೆ.

ಕಳ್ಳರೂ ಶಾಲೆಗೆ ಹೋದವರೇ. ಸೀಸ ಬೆಳ್ಳಿಗಿಂತ ಭಾರ, ತವರ ಹಗುರ. ಎರಡನ್ನೂ ಅಳತೆ ನೋಡಿ ಬೆರೆಸಿದರೆ ಬೆಳ್ಳಿಯ ಸಾಂದ್ರತೆಗೇ ತಂದು ನಿಲ್ಲಿಸಬಹುದು. ಮೇಲೆ ಬೆಳ್ಳಿಯ ತಗಡು ಹೊದಿಸಿದರೆ ನೀರಿನ ಪರೀಕ್ಷೆಯಲ್ಲೂ ಪಾಸು. ಆದರೆ ಅದು ದನಿಯಲ್ಲಿ ಸಿಕ್ಕಿಬೀಳುತ್ತದೆ. ಆದ್ದರಿಂದಲೇ ಯಾವ ಸರಾಫನೂ ಒಂದೇ ಪರೀಕ್ಷೆಗೆ ನಿಲ್ಲುವುದಿಲ್ಲ.

ದೊಡ್ಡ ಗಟ್ಟಿಗಳ ವಿಷಯ ಬೇರೆ. ಸಗಟು ಪೇಟೆಯಲ್ಲಿ ಬೆಳ್ಳಿ ನಡೆಯುವುದು ಸುಮಾರು ಮೂವತ್ತು ಕಿಲೋದ ಗಟ್ಟಿಗಳಲ್ಲಿ. ಇಲ್ಲಿನವರು ಅದಕ್ಕೆ ಪಾಟ್ ಎನ್ನುತ್ತಾರೆ. ಅಹಮದಾಬಾದಿನ ಮಾಣೆಕ್ ಚೌಕ ಪೇಟೆಯಲ್ಲೂ ಇದೇ ಹೆಸರು. ಅಂಥದ್ದರ ಹೊಟ್ಟೆಯಲ್ಲಿ ಏನಿದೆ ಎಂದು ಮೈ ತಟ್ಟಿ ಹೇಳಲಾಗದು. ಎಕ್ಸ್‌ಆರ್‌ಎಫ್ ಯಂತ್ರ ಈಗ ಬೀದಿಗೊಂದು ಬಂದಿದೆ. ಪೆಟ್ಟಿಗೆಯೊಳಗಿಟ್ಟು ಮುಚ್ಚಿದರೆ ನಿಮಿಷದಲ್ಲಿ ಟಂಚ್, ಅಂದರೆ ಶುದ್ಧತೆ, ಎಷ್ಟು ಎಂದು ಚೀಟಿ ಬರುತ್ತದೆ. ಒಳ್ಳೆಯ ಯಂತ್ರ, ಆದರೆ ಅದು ನೋಡುವುದು ಮೇಲಿನ ಕೂದಲೆಳೆಯಷ್ಟು ಪದರವನ್ನು. ದಪ್ಪ ಹೊದಿಕೆಯ ಒಳಗೆ ಸೀಸ ತುಂಬಿದ್ದರೆ ಚೀಟಿಯಲ್ಲಿ ಬೆಳ್ಳಿ ಎಂದೇ ಬರುತ್ತದೆ. ಹಾಗಾಗಿ ಬಲ್ಲವರು ಗಟ್ಟಿಯನ್ನು ಕೊರೆದು ಒಳಗಿನ ಪುಡಿ ತೆಗೆಸುತ್ತಾರೆ, ಇಲ್ಲವೆ ಕತ್ತರಿಸಿ ನಡುವೆ ಯಂತ್ರ ಹಿಡಿಸುತ್ತಾರೆ. ಮಾರುವವನು ಕತ್ತರಿಸಲು ಒಪ್ಪದಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಸಣ್ಣ ಗಟ್ಟಿ ಕೊಳ್ಳುವ ನಮ್ಮಂಥವರು ಪ್ಲಾಸ್ಟಿಕ್ ಕಾರ್ಡಿನ ಅಂದಕ್ಕೆ ಮರುಳಾಗುವುದು ಬೇಡ. ಗಟ್ಟಿಗಿಂತ ಕಾರ್ಡು ನಕಲು ಮಾಡುವುದು ಸುಲಭ. ಕಾರ್ಡಿನ ಮೇಲಿನ ನಂಬರು, ಗಟ್ಟಿಯ ಮೇಲಿನ ನಂಬರು, ಬಿಲ್ಲಿನ ನಂಬರು ಮೂರೂ ಒಂದೇ ಇರಬೇಕು. ಅಸಲಿ ಗಟ್ಟಿಯ ಉದ್ದ, ಅಗಲ, ದಪ್ಪ ಗೊತ್ತಿದ್ದರೆ ಅಳತೆಯನ್ನೂ ನೋಡಿ. ಇನ್ನು ಆಸಿಡ್ ಸುರಿದು ನೋಡುವ ಸಾಹಸ ಮನೆಯಲ್ಲಿ ಬೇಡವೇ ಬೇಡ, ಅದು ಪಳಗಿದ ಕೈಯ ಕೆಲಸ.

ಸೂರತ್ತಿನ ಬೆಳ್ಳಿ ನಮ್ಮ ಹೆಣ್ಣುಮಕ್ಕಳ ಬೀರುವಿನಲ್ಲೂ ಇದೆ, ಸೀರೆಯ ಸೆರಗಿನಲ್ಲಿ. ದಕ್ಷಿಣದ ರೇಷ್ಮೆ ಮಗ್ಗಗಳಿಗೆ ಜರಿ ಹೋಗುವುದು ಬಹುಪಾಲು ಇಲ್ಲಿಂದಲೇ. ಬೆಳ್ಳಿಯನ್ನು ಎಳೆದೆಳೆದು ಕೂದಲಿಗಿಂತ ತೆಳ್ಳಗೆ ಮಾಡಿ, ಚಪ್ಪಟೆ ಬಡಿದು, ರೇಷ್ಮೆ ನೂಲಿಗೆ ಸುತ್ತಿ, ಮೇಲೆ ಚಿನ್ನದ ನೀರು ಕೊಡುತ್ತಾರೆ. ನಮ್ಮ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಮೈಸೂರು ರೇಷ್ಮೆಯ ಜರಿಯಲ್ಲಿ ಬೆಳ್ಳಿ ನೂರಕ್ಕೆ 65, ಚಿನ್ನ 0.65. ತಾಮ್ರದ ಜರಿಯೂ, ಪ್ಲಾಸ್ಟಿಕ್ ಜರಿಯೂ ಇದೇ ಊರಿನಲ್ಲಿ ಆಗುತ್ತವೆ, ಅದೇನೂ ಮೋಸವಲ್ಲ. ಅದನ್ನು ಬೆಳ್ಳಿ ಜರಿ ಎಂದು ಹೇಳಿ ಮಾರುವುದು ಮೋಸ. ಹಳೆ ಜರಿ ಸೀರೆ ಕೊಳ್ಳುತ್ತೇವೆ ಎಂದು ಬೀದಿಯಲ್ಲಿ ಕೂಗಿ ಬರುವವನು ಸೆರಗಿನ ಒಂದು ಎಳೆ ಸುಟ್ಟೋ ಉಜ್ಜಿಯೋ ನೋಡಿ ತಲೆ ಅಲ್ಲಾಡಿಸಿದರೆ ಅವನ ಮಾತೇ ಕೊನೆಯಲ್ಲ. ಅದೇ ಎಳೆಯನ್ನು ಟಂಚ್ ಅಂಗಡಿಗೆ ಒಯ್ದು ನೋಡಿ, ಎಷ್ಟೋ ಸಲ ಅಜ್ಜಿಯ ಸೀರೆ ಗೆಲ್ಲುತ್ತದೆ.

ಸಂಗ್ರಹದ ಹುಚ್ಚಿನವರಿಗೆ ಒಂದು ಮಾತು. ಜಹಾಂಗೀರ್ ಗುಜರಾತಿನಲ್ಲಿದ್ದಾಗ, 1618ರಲ್ಲಿ, ಅಹಮದಾಬಾದಿನ ಟಂಕಸಾಲೆಯಲ್ಲಿ ಮೇಷ, ವೃಷಭ, ಸಿಂಹದ ಚಿತ್ರಗಳ ರಾಶಿ ರೂಪಾಯಿ ಹೊಡೆಸಿದ. ಅವುಗಳ ನಕಲು ಎಷ್ಟೋ ಕಾಲದಿಂದ ಬರುತ್ತಲೇ ಇದೆ, ಒಳ್ಳೆಯ ಬೆಳ್ಳಿಯಲ್ಲೇ ಬರುತ್ತಿದೆ. ಹಾಗೆಯೇ 1939ರ ರೂಪಾಯಿ ಬಹಳ ಅಪರೂಪ ಎಂದು ಬೇರೆ ವರ್ಷದ ನಾಣ್ಯದ ಅಂಕಿಯನ್ನು ಕೆತ್ತಿ ತಿದ್ದುತ್ತಾರೆ. ಇಲ್ಲಿ ನೀರೂ ದನಿಯೂ ಸಹಾಯಕ್ಕೆ ಬರುವುದಿಲ್ಲ, ಭೂತಗನ್ನಡಿಯೇ ಗತಿ. ರಾಮ, ಸೀತೆಯರ ಚಿತ್ರವಿರುವ 1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ಎಂದು ತೋರಿಸಿದರೆ ಭೂತಗನ್ನಡಿಯೂ ಬೇಡ. ಕಂಪನಿ ಅಂಥ ನಾಣ್ಯ ಹೊಡೆಸಿಯೇ ಇಲ್ಲ.

ಕಾನೂನಿನ ಕಡೆಯಿಂದ ಗಿರಾಕಿಗೆ ಇರುವ ಆಸರೆ ಹೀಗಿದೆ. ಚಿನ್ನಕ್ಕಿರುವಂತೆ ಬೆಳ್ಳಿಗೆ ಹಾಲ್‌ಮಾರ್ಕ್ ಇನ್ನೂ ಕಡ್ಡಾಯ ಆಗಿಲ್ಲ. ಆದರೆ 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಯ ಒಡವೆ, ಪಾತ್ರೆಗಳಿಗೂ ಆರು ಅಕ್ಷರದ ಎಚ್‌ಯುಐಡಿ ಸಂಖ್ಯೆ ಒತ್ತುವ ವ್ಯವಸ್ಥೆ ಬಂದಿದೆ. ಅಂಗಡಿಯಲ್ಲೇ ನಿಂತು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ನೋಡಿ. ಹಾಲ್‌ಮಾರ್ಕ್ ಇರುವುದನ್ನೇ ಕೇಳಿ; ಕೇಳುವವರು ಹೆಚ್ಚಾದರೆ ಇಡುವವರೂ ಹೆಚ್ಚುತ್ತಾರೆ. ಬಿಲ್ಲಿನಲ್ಲಿ ಬರೀ ‘ಬೆಳ್ಳಿ ಸಾಮಾನು’ ಎಂದು ಬರೆಸಿಕೊಳ್ಳಬೇಡಿ. ತೂಕ ಎಷ್ಟು, ಶುದ್ಧತೆ 925ರದ್ದೋ 990ರದ್ದೋ ಎಂದು ಬರೆಸಿ.

ಕೊನೆಗೆ ಎಲ್ಲಕ್ಕಿಂತ ಹಳೆಯ ಆಟ. ಪಾಯ ತೋಡುವಾಗ ಸಿಕ್ಕಿತು, ಹೊಲ ಉಳುವಾಗ ಮಡಕೆ ಸಿಕ್ಕಿತು, ಯಾರಿಗೂ ಹೇಳಬೇಡಿ ಸಾರ್, ಅರ್ಧ ಬೆಲೆಗೆ ಕೊಡುತ್ತೇನೆ. ಗುಜರಾತಿನಲ್ಲೂ ಇದೇ ಕತೆ, ಕರ್ನಾಟಕದ ಪತ್ರಿಕೆಗಳಲ್ಲೂ ಇದೇ ಸುದ್ದಿ. ಮೊದಲು ಕೊಡುವ ಒಂದೆರಡು ನಾಣ್ಯ ಅಸಲಿಯೇ ಇರುತ್ತವೆ, ಸರಾಫನೂ ಹೌದೆನ್ನುತ್ತಾನೆ. ಗಂಟು ಕೈಗೆ ಬಂದಾಗ ಒಳಗಿರುವುದು ಬೇರೆ. ನೆಲದಲ್ಲಿ ಹೂತಿಟ್ಟದ್ದು ಸಿಕ್ಕಿ, ಅದರ ಬೆಲೆ ಹತ್ತು ರೂಪಾಯಿಗಿಂತ ಹೆಚ್ಚಿದ್ದರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು ಎನ್ನುತ್ತದೆ 1878ರ ನಿಧಿ ಕಾಯಿದೆ. ಅದು ಇಂದಿಗೂ ಜಾರಿಯಲ್ಲಿದೆ. ನಿಮ್ಮ ಮನೆ ಬಾಗಿಲಿಗೆ ಅಂಥವನು ಬಂದರೆ ಒರೆಗಲ್ಲು ಹುಡುಕಬೇಡಿ. “ಬಾಪ್ಪಾ, ಮೊದಲು ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಬರೋಣ” ಎಂದು ಚಪ್ಪಲಿ ಮೆಟ್ಟಿಕೊಳ್ಳಿ. ಅವನು ಜೊತೆಗೆ ಬಂದರೆ ಆಮೇಲೆ ಬೆಳ್ಳಿಯ ಮಾತು.